ಹುಣಸೆ ನೀರಿಗೆ ಬಿದ್ದ ಹೊಳೆಕಲ್ಲು

ಕಲ್ಲಾದ ಮೂಳೆಗೆ ಯಾವ ಹುಳಿಯನ್ನೂ ಸೋಕಿಸಬಾರದು, ಒಳಗಿನ ಸುಣ್ಣ ಕರಗಿ ಪುಡಿಪುಡಿಯಾಗುತ್ತದೆ ಎಂಬ ಸಾಲಿನ ಕೆಳಗೆ ಜಿನಶ್ರೀ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದಳು. ಹಾಸನದ ಕಾಲೇಜಿನ ಮೇಡಂ ಎರಡು ಪುಸ್ತಕ ಓದಲು ಹೇಳಿದ್ದರು. ಒಂದು, ಪಳೆಯುಳಿಕೆಗಳನ್ನು ಕಾಪಾಡುವುದರ ಬಗ್ಗೆ. ಇನ್ನೊಂದು, ಬೆನ್ನೆಲುಬಿರುವ ಪ್ರಾಣಿಗಳ ಮೂಳೆಗಳ ರಚನೆಯದು. ಎರಡೂ ಮುಗಿಯುವ ತನಕ ಆ ಮೂಳೆಯನ್ನು ಮುಟ್ಟಲೇಬೇಡ ಎಂದಿದ್ದರು. ಪಾಪ, ಮುಟ್ಟಿರಲೇ ಇಲ್ಲ. ಕೊಣನೂರಿನ ಕೆಂಪಣ್ಣನಿಗೆ ಹೊಳೆದಂಡೆಯಲ್ಲಿ ಪಂಪಿನ ಗುಂಡಿ ತೋಡುವಾಗ ಸಿಕ್ಕಿದ್ದ ಮೊಳದುದ್ದದ ಮೂಳೆ ಅದು. ಅವಳ ಎಂ.ಎಸ್ಸಿ. ಪ್ರಬಂಧವೆಲ್ಲ ಅದರ ಮೇಲೆಯೇ ನಿಂತಿತ್ತು. ತಿಂಗಳಿಂದ ಅದು ಚನ್ನರಾಯಪಟ್ಟಣದ ಮನೆಯ ಹಿತ್ತಲ ಕಟ್ಟೆಯ ಮೇಲೆ ಮಣ್ಣು ಮೆತ್ತಿಕೊಂಡೇ ಕೂತಿತ್ತು.

ಜೈನರ ಮನೆಗೆ ಮೂಳೆ ತರುವುದುಂಟೇ? "ಹೊಳೆಕಲ್ಲು ಕಣಮ್ಮ" ಎಂದುಬಿಟ್ಟಿದ್ದಳು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ, ಗೆಡ್ಡೆಗೆಣಸು ಒಳಗೆ ಸೇರಿಸದ ಅಮ್ಮ ಜ್ವಾಲಾಮಾಲಿನಿ ಹಾಗೇ ನಂಬಿದ್ದರು. ಮಗಳನ್ನು ಅನುಮಾನಿಸುವುದು ಆಕೆಗೆ ಗೊತ್ತೇ ಇರಲಿಲ್ಲ.

ಹಿತ್ತಲಿನಿಂದ ಪಾತ್ರೆಗಳ ಸದ್ದಿನ ಜೊತೆಗೆ ಹುಣಸೆಯ ವಾಸನೆ ಬಂತು. ಮರುದಿನ ಬಸದಿಯಲ್ಲಿ ಅಭಿಷೇಕ. ಕಳಸ, ತಂಬಿಗೆ, ಆರತಿ ತಟ್ಟೆಗಳನ್ನೆಲ್ಲ ಅಮ್ಮ ಹಿಂದಿನ ಸಂಜೆಯೇ ಕೊಳಗದ ಹುಣಸೆ ನೀರಿನಲ್ಲಿ ನೆನೆಹಾಕಿದ್ದರು. ಜಿನಶ್ರೀ ಪುಸ್ತಕ ಅಲ್ಲೇ ಬಿಟ್ಟು ಎದ್ದಳು. ಓಡಿಹೋಗಿ ನೋಡಿದರೆ ಕಟ್ಟೆ ಖಾಲಿ.

"ನಿನ್ ಕಲ್ಲನ್ನೂ ಇದ್ರಲ್ಲೇ ಆಕಿದ್ದೆ ಕಣೆ, ಎಂಗ್ ಒಳೀತದೆ ನೋಡು" ಎಂದು ಅಮ್ಮ ಹಿಗ್ಗಿನಿಂದ ಕೊಳಗದೊಳಗೆ ಕೈಯಿಟ್ಟರು. ಬಂದದ್ದು ಹಿಡಿಯಷ್ಟು ಕಂದು ರಾಡಿ, ಒಂದೆರಡು ಚೂರು. ಚೂರಿನ ಮುರಿದ ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು, ಎರಡನೆಯ ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಜಿನಶ್ರೀ ಆ ಚೂರನ್ನು ಕಿತ್ತುಕೊಂಡು ನೆಲದ ಮೇಲೆ ಕುಕ್ಕರಿಸಿದಳು.

ಅಮ್ಮ ಪೆಚ್ಚಾದರು. ಇದೆಂಥ ಕಲ್ಲು, ಕರಗೇ ಹೋಯಿತಲ್ಲ, ಕೆಂಪಣ್ಣನಿಗೆ ಹೇಳಿ ಇನ್ನೊಂದು ತರಿಸಿದರಾಯಿತು ಎಂದು ಸಮಾಧಾನ ಮಾಡುತ್ತಲೇ ಅದೇ ನೀರಿನಿಂದ ಕಳಸವನ್ನೆತ್ತಿ ಉಜ್ಜತೊಡಗಿದರು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬೆಳಗಾದರೆ ಆ ಕಳಸದ ನೀರು ಸ್ವಾಮಿಯ ನೆತ್ತಿಯ ಮೇಲೆ ಬೀಳುತ್ತದೆ, ಅಮ್ಮನ ಕೈಯಿಂದಲೇ.

"ಬುಡಮ್ಮ ಅದನ್ನ. ಅದು ಕಲ್ಲಲ್ಲ, ಮೂಳೆ."

ಕಳಸ ಜಾರಿ ಕೊಳಗಕ್ಕೆ ಬಿತ್ತು. ಅಮ್ಮ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ, ಸೆರಗಿಗೂ ಒರೆಸಿಕೊಳ್ಳದೆ ನಿಂತುಬಿಟ್ಟರು. ಮೊಣಕೈಯಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು.

"ಕಲ್ಲು ಅಂದಿದ್ಯಲ್ಲೇ ನೀನು" ಎಂದರು.

ಜಿನಶ್ರೀ ನಲ್ಲಿ ತಿರುಗಿಸಿದಳು. ನೀರು ಕಲ್ಲುಹಾಸಿನ ಮೇಲೆ ಸುರಿಯುತ್ತಲೇ ಇತ್ತು. ಅಮ್ಮ ಕೈಯೊಡ್ಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದರು.