ಮೇರುಮಣಿ

"ಥೂ, ಬಾಯಿಂದ ತೆಗಿ ಆ ದಾರಾನ! ಕೊಳಕು ಮುಂಡೇದೆ, ಎಂಜಲು ಮಾಡಿ ಪೋಣಿಸ್ತಿದೀಯಲ್ಲ, ಇದು ಜಪಮಾಲೆ ಕಣೇ!"

ಯಾದವಗಿರಿಯ ತಮ್ಮ ಬಂಗಲೆಯ ಮುಂಗೋಣೆಯಲ್ಲೇ ಸ್ಫಟಿಕದ ಮಣಿಗಳ ಅಂಗಡಿ ಇಟ್ಟಿರುವ ರಂಜನಿ ಮೇಡಂ, ನೀರಿನ ಬಟ್ಟಲನ್ನು ತಂದು ಶಿವನಂಜಮ್ಮನ ಮುಂದೆ ಕುಕ್ಕಿದರು. "ಇದರಲ್ಲಿ ಅದ್ದು. ಗಿರಾಕಿಗಳ ಮುಂದೆ ತುಟಿ ಬಿಚ್ಚಬೇಡ. ಇವತ್ತು ನೀನು ಸಾವಿತ್ರಮ್ಮ. ಎಡವಟ್ಟು ಮಾಡಿದ್ಯೋ, ನಿಮ್ಮ ಕೇರಿಗೆ ಒಂದು ಮಣೀನೂ ಕಳಿಸಲ್ಲ."

ಮಣಿ ಪೋಣಿಸುವ ಮೇಟಗಳ್ಳಿಯ ಆ ಕೇರಿಯಲ್ಲಿ ದಾರ ಬಾಯಿಗಿಡದ ಹೆಂಗಸಿಲ್ಲ. ಎಂಜಲು ತಾಗಿದರೆ ಎಳೆ ಸೂಜಿಯಂತೆ ನಿಲ್ಲುತ್ತದೆ. ಶಿವನಂಜಮ್ಮನ ಅವ್ವ ಮಾದೇವಮ್ಮ ಹಾಗೆಯೇ ಪೋಣಿಸಿ, ಹಾಗೆಯೇ ಕಲಿಸಿ, ಸತ್ತಳು. ಇಷ್ಟು ದಿನ ಯಾದವಗಿರಿಗೆ ಬರುತ್ತಿದ್ದದ್ದು ಮಾಲೆಗಳು ಮಾತ್ರ. ಇಂದು ಗಿರಾಕಿಗಳ ಕಣ್ಣೆದುರೇ ಪೋಣಿಸಿ ತೋರಿಸಲೆಂದು ಮೇಡಂ ಶಿವನಂಜಮ್ಮನನ್ನೇ ಕರೆಸಿ, ತಮ್ಮ ಹಳೆಯ ರೇಷ್ಮೆ ಸೀರೆ ಉಡಿಸಿ, ಕಾಸಿನಗಲ ಕುಂಕುಮವಿಟ್ಟು ಮಣೆಯ ಮೇಲೆ ಕೂರಿಸಿದ್ದರು. ಬೈಗುಳ ಅವಳಿಗೆ ಹೊಸದಲ್ಲ, ಬಸ್ಸಿನ ಸದ್ದಿನ ಹಾಗೆ ಕಿವಿಯಾಚೆಯೇ ಉಳಿಯಿತು. ಸೀರೆ ಮಾತ್ರ ಚುಚ್ಚುತ್ತಿತ್ತು.

ಗಿರಾಕಿಗಳು ಬಂದರು. ಎಲ್ಲರಿಗಿಂತ ಮುಂದೆ ನಿವೃತ್ತ ಪ್ರೊಫೆಸರ್ ಕೃಷ್ಣಸ್ವಾಮಿಗಳು. ಹೋದ ವರ್ಷ ಇಲ್ಲೇ ಕೊಂಡ ಮಾಲೆ ಅವರ ಕೊರಳಲ್ಲಿತ್ತು. ಈಗ ಮಗಳಿಗೊಂದು ಬೇಕಿತ್ತು.

"ಸ್ಫಟಿಕ ಅಂದ್ರೆ ಬರೀ ಕಲ್ಲಲ್ಲ ಸಾರ್," ಮೇಡಂ ಶುರುಮಾಡಿದರು. "ಹಿಮಾಲಯದಲ್ಲಿ ಯುಗಯುಗ ಕರಗದೆ ಉಳಿದ ಮಂಜು. ಮುಟ್ಟಿದವರ ಗುಣ ಹೀರ್ಕೊಂಡ್ಬಿಡತ್ತೆ. ಅದಕ್ಕೇ ಕಂಡಕಂಡವರ ಕೈಗೆ ಕೊಡಲ್ಲ ನಾವು. ಸಾವಿತ್ರಮ್ಮನೋರು ಮಡೀಲಿ ಪೋಣಿಸ್ತಾರೆ."

"ನಿಜ ನಿಜ, ಇದನ್ನ ಹಾಕ್ಕೊಂಡ ಮೇಲೆ ನಿದ್ದೆ ಸೊಗಸಾಗಿ ಬರ್ತಿದೆ." ಕೃಷ್ಣಸ್ವಾಮಿಗಳು ಕೊರಳಿನ ಮಣಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಶಿವನಂಜಮ್ಮನತ್ತ ತಿರುಗಿ ಕೈಮುಗಿದರು. "ಎಲ್ಲ ತಮ್ಮ ಕೈಗುಣ ತಾಯಿ. ತಮ್ಮದು ಯಾವ ಗೋತ್ರ?"

"ಭಾರದ್ವಾಜ," ಎಂದರು ಮೇಡಂ. "ಇವರ ತಾಯೀನೂ ಅರಮನೆ ಪೂಜೆಗೆ ಮಾಲೆ ಪೋಣಿಸ್ತಿದ್ದೋರು. ಅಲ್ವಾ ಸಾವಿತ್ರಮ್ಮ?"

ಶಿವನಂಜಮ್ಮ ಹೂಂ ಎಂದು ತಲೆಯಾಡಿಸಿಬಿಟ್ಟಳು.

ಆಡಿಸಿದ್ದೇ ತಡ, ಮುಖವೆಲ್ಲ ಉರಿಯತೊಡಗಿತು. ಹೊಸಿಲಲ್ಲಿ ಕಾಲು ಚಾಚಿ, ಎಲೆಅಡಿಕೆ ಮೆಲ್ಲುತ್ತಾ ಪೋಣಿಸುತ್ತಿದ್ದ ಅವ್ವನನ್ನು ಒಂದೇ ಹೂಂನಲ್ಲಿ ಒರೆಸಿ ಹಾಕಿದ್ದಳು. ಬೈದಾಗ ಬಗ್ಗದ ತಲೆ, ಕೈಮುಗಿದಾಗ ಬಗ್ಗಿತು.

ಉಳಿದದ್ದು ಕೊನೆಯ ಮೇರುಮಣಿ. ದಾರದ ಎರಡು ತುದಿಗಳೂ ಒಂದೇ ತೂತಿನಲ್ಲಿ ಹೋಗಬೇಕು. ನೀರಿಗದ್ದಿದಳು, ಎಳೆ ಕವಲೊಡೆಯಿತು. ಮತ್ತೆ ಅದ್ದಿದಳು. ಗಿರಾಕಿಗಳು ಭಕ್ತಿಯಿಂದ ಕಾಯುತ್ತಿದ್ದರು.

ಶಿವನಂಜಮ್ಮ ಬಟ್ಟಲನ್ನು ಆಚೆ ನೂಕಿ, ಎರಡೂ ತುದಿಗಳನ್ನು ಬಾಯಿಗಿಟ್ಟು ಹೊಸೆದಳು.

"ಅಯ್ಯಯ್ಯೋ, ಏನಮ್ಮಾ ಇದು, ಎಂಜಲು!" ಎಂದರು ಕೃಷ್ಣಸ್ವಾಮಿಗಳು.

"ಊಂ ಕಣ್ ಬುದ್ದಿ, ಎಂಜ್ಲೇಯ. ನಿಮ್ ಕೊಳ್ಳಲ್ಲಿರೋದ್ನೂ ಇಂಗೇ ಪೋಣ್ಸಿದ್ದು. ನಾನು ಸಾವಿತ್ರಮ್ಮ ಅಲ್ಲ. ಮೇಟಗಳ್ಳಿ ಹೊಲಗೇರಿ ಮಾದೇವಮ್ಮನ ಮಗ್ಳು, ಶಿವನಂಜಿ."

"ಏಳೇ ಮೇಲೆ, ಬೇವರ್ಸಿ!" ಮೇಡಂ ಕಿರುಚಿದರು.

ಕೃಷ್ಣಸ್ವಾಮಿಗಳ ಕೈ ಕೊರಳಿನವರೆಗೆ ಹೋಗಿ, ಬೆರಳಷ್ಟು ದೂರದಲ್ಲಿ ನಿಂತುಬಿಟ್ಟಿತು. ಮಾಲೆ ತೆಗೆಯಬೇಕೆಂದರೂ ಮುಟ್ಟಬೇಕಿತ್ತು.

ಶಿವನಂಜಮ್ಮ ಏಳಲಿಲ್ಲ. ಮೇರುಮಣಿ ಪೋಣಿಸಿ, ಗಂಟು ಬಿಗಿದು, ಮಿಕ್ಕ ದಾರವನ್ನು ಹಲ್ಲಿನಿಂದ ಕಡಿದಳು.