ಲೆಫ್ಟ್‌ಗೆ ಸ್ಪ್ಯಾನಿಶ್ ಪದ

ಎಡ ಅಂದರೆ ಇಸ್ಕ್ಯೆರ್ದಾ, ಬಿಟ್ಟು ಹೋದ ಅಂದರೆ ಸೆ ಫ್ವೆ, ಉಳಿದಿದೆ ಅಂದರೆ ಕೆದಾ — ಲ್ಯಾಪ್‌ಟಾಪಿನಲ್ಲಿ ಅನುವಾದಕ್ಕೆ ಬಂದದ್ದು ಬರೀ ಲೆಫ್ಟ್ ಎಂಬ ಒಂದೇ ಇಂಗ್ಲಿಷ್ ಪದ, ಹಿಂದೆ ಏನಿಲ್ಲ, ಮುಂದೆ ಏನಿಲ್ಲ, ಯಾವುದೋ ಮೊಬೈಲ್ ಆ್ಯಪಿನ ಯಾವುದೋ ಮೂಲೆಯದು, ಕಂಪನಿಯವರನ್ನು ಕೇಳಿದರೆ ನಮಗೂ ಗೊತ್ತಿಲ್ಲ ಮೇಡಂ, ಸ್ಪ್ಯಾನಿಶ್‌ನಲ್ಲಿ ಯಾವುದಾದರೂ ಒಂದು ಹಾಕಿ ಕಳಿಸಿ — ಯಾವುದಾದರೂ ಒಂದು! ನಾನೇನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೇನೆಯೇ — ಪಕ್ಕದ ಮನೆಯ ಪವರ್‌ಲೂಮ್ ಖಟಖಟ ಅನ್ನುತ್ತಲೇ ಇದೆ, ಬನಹಟ್ಟಿಯಲ್ಲಿ ಅದು ನಿಂತರೇ ಎಚ್ಚರಾಗುವುದು, ಪಡಸಾಲೆಯಲ್ಲಿ ತಮ್ಮ ಕಲ್ಮೇಶ ಮಗ್ಗದ ಮೊಳೆ ಕೀಳುತ್ತಿದ್ದಾನೆ, ಅವ್ವನ ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವ್ವ ನೇಯುತ್ತಿದ್ದದ್ದು, ತೀರಿಕೊಳ್ಳುವವರೆಗೂ — ಇದ್ದಿದ್ದರೆ ಕೇಳುತ್ತಿದ್ದಳು, ಏನವಾ ನಂದಾ, ಇವತ್ತ ಯಾವ ಮಾತ ಕಾಡಾಕತ್ತೇತಿ, ಸ್ಪೇನ್ ಪಕ್ಕದೂರು ಚಿಮ್ಮಡದ ಆಚೆಗಿದೆ ಅಂದರೂ ನಂಬುವವಳು, ಆದರೂ ಕೇಳುತ್ತಿದ್ದಳು, ಕುಣಿಯಲ್ಲಿ ಮಗ್ಗದ ಕೋಲು ತುಳಿಯುತ್ತಲೇ. ಪುಣೆಯಲ್ಲಿ ಸಂಸಾರ ಮುರಿದುಕೊಂಡು ಬಂದ ಮೇಲೆ ಈ ಊರಲ್ಲಿ ನನ್ನ ಕೆಲಸದ ಮಾತು ಕೇಳಿದವಳು ಅವಳೊಬ್ಬಳೇ. ಈಗ ಯಾರೂ ಕೇಳುವುದಿಲ್ಲ, ಒಂಟಿ ಅನಿಸುತ್ತದೆ, ಇದರಲ್ಲಿ ಮುಚ್ಚಿಡುವುದೇನು.

ಚಿಮ್ಮಡದ ಲಗಮಪ್ಪ ಬಂದಿದ್ದಾನೆ, ಮಗ್ಗ ಕೊಂಡವನು, ಹೊರಗೆ ಅವನ ಟಂಟಂ ಗಾಡಿ ನಿಂತಿದೆ. ಮಗ್ಗ ಹೋಗಲಿ, ನೇಯುವವರಿಲ್ಲದ ಮನೆಯಲ್ಲಿ ಅದು ಯಾಕೆ, ಆದರೆ ಅದರ ಹಣಿಗೆಯಲ್ಲಿ, ಎಳೆ ಪೋಣಿಸುವ ಬಾಚಣಿಗೆಯಂಥದರಲ್ಲಿ, ಅವ್ವನ ಎಳೆಗಳಿವೆ, ಗೇಣುದ್ದ, ಕೆಂಪು, ಕೊನೆಯ ಸೀರೆ ಕತ್ತರಿಸಿಕೊಂಡು ಬಿಟ್ಟ ಹಾಸಿನ, ಅಂದರೆ ಉದ್ದೆಳೆಗಳ, ತುದಿ, ನನಗೆ ಅದಷ್ಟೇ ಬೇಕು, ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ — ಕತ್ತರಿ ಹಿಡಿದು ಹೋದೆ, ಲಗಮಪ್ಪ ಕೈ ಅಡ್ಡ ಹಿಡಿದ, ಅಕ್ಕಾರ, ಅದನ್ನ ಕತ್ತರಸಬ್ಯಾಡ್ರಿ, ಹೊಸಾ ಹಾಸು ಅದಕ್ಕ ಕಟ್ಟಬೇಕ್ರಿ, ಎಳಿಗೆ ಎಳಿ, ಬರೀ ಮಗ್ಗ ಹೆಂಗ ಒಯ್ಯಲ್ರಿ, ಕಲ್ಮೇಶನೂ ಅಂದ, ಅಕ್ಕಾ, ಅವ್ವ ಬಿಟ್ಟಿದ್ದ ಅದಕ್ಕಲ್ಲೇನ — ಗೊತ್ತು, ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು, ಹಾಸು ಮುಗಿದರೂ ತುದಿ ತೆಗೆಯುವುದಿಲ್ಲ, ಮುಂದಿನದಕ್ಕೆ ಗಂಟು ಹಾಕಲು ಬಿಡುತ್ತಾರೆ, ಬೆರಳಿಗೆ ಬೂದಿ ಹಚ್ಚಿಕೊಂಡು ಅವ್ವನ ಎದುರು ಕೂತು ಎಷ್ಟು ಗಂಟು ಹಾಕಿಲ್ಲ — ಅವ್ವ ಅದನ್ನು ನನಗೆಂದು ಬಿಟ್ಟದ್ದಲ್ಲ, ನೇಯುವವರಿಗೆ ಬಿಟ್ಟದ್ದು, ಯಾರೇ ಆಗಲಿ, ಹೊಟ್ಟೆಕಿಚ್ಚಾಯಿತು, ಆ ಲಗಮಪ್ಪನ ಮೇಲೆ, ಆಮೇಲೆ ನಾಚಿಕೆಯೂ ಆಯಿತು, ಒಯ್ರಿ ಅಂದೆ. ಹಣಿಗೆಯನ್ನು ಎಳೆಗಳ ಸಮೇತ ತನ್ನ ಟವೆಲ್‌ನಲ್ಲಿ ಸುತ್ತಿದ, ಕೂಸನ್ನು ಸುತ್ತಿದ ಹಾಗೆ, ಟಂಟಂ ಹೋಯಿತು.

ಲ್ಯಾಪ್‌ಟಾಪಿಗೆ ಮರಳಿ ಉಳಿದಿದೆ, ಕೆದಾ ಅಂತ ಒತ್ತಿದೆ, ಅಳಿಸಿದೆ, ಬಿಟ್ಟು ಹೋದಳು, ಸೆ ಫ್ವೆ ಅಂತ ಒತ್ತಿ ಕಳಿಸಿಬಿಟ್ಟೆ, ತಪ್ಪಿದ್ದರೆ ಬೈಯಲಿ, ಬೈಯುವುದಕ್ಕಾದರೂ ಯಾರಾದರೂ ಫೋನ್ ಮಾಡಲಿ — ಪಡಸಾಲೆಯಲ್ಲಿ ಕುಣಿ ಮಾತ್ರ ಇದೆ, ಕುಣಿಯನ್ನು ಯಾರೂ ಒಯ್ಯುವುದಿಲ್ಲ, ನಾಳೆ ಮಣ್ಣ ಹಾಕಿ ಮುಚ್ಚತೇನಿ ಬಿಡಕ್ಕಾ ಅಂದ ಕಲ್ಮೇಶ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ, ತಣ್ಣಗಿದೆ, ತಳದಲ್ಲಿ ಅವ್ವನ ಹಿಮ್ಮಡಿ ಸವೆಸಿದ ಎರಡು ಗುಳಿ, ನನ್ನ ಹಿಮ್ಮಡಿಗಳು ಅದರಲ್ಲಿ ಸರಿಯಾಗಿ ಕೂತವು, ತುಳಿಯುತ್ತೇನೆ, ತುಳಿಯುವ ಕೋಲು ಇಲ್ಲ, ತುಳಿಯುತ್ತೇನೆ, ಎರಡು ಗುಳಿ, ಕುಣಿ, ಎರಡು ಗುಳಿ —