ಬಂಪರಿಗೆ ಹತ್ತದ ಗಮ್ಮು

ಘಾಟ್ಕೋಪರ್‌ನ ನಮ್ಮ ಚಾಳಿನ ಗಂಡಸರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ನನ್ನ ಟ್ಯಾಕ್ಸಿಯ ಬಂಪರ್ ಮೂಲೆಯಲ್ಲಿ ಸೀಳಿ ಜೋತುಬಿದ್ದ ಬೆಳಿಗ್ಗೆ ಒಬ್ಬೊಬ್ಬರೂ ತಮ್ಮ ತಮ್ಮ ಗಮ್ಮು ಹಿಡಿದುಕೊಂಡು ಬಂದರು. ಮಧ್ಯಾಹ್ನ ಮೂರಕ್ಕೆ ಸಾಂತಾಕ್ರೂಜ್‌ನಲ್ಲಿ ಟ್ಯಾಕ್ಸಿ ಆ್ಯಪ್ ಕಂಪನಿಯವರ ತಪಾಸಣೆ. ಗಾಡಿ ಫೇಲಾದರೆ ನನ್ನ ಐಡಿ ಬಂದ್, ಮನೆಯ ಒಲೆಯೂ ಬಂದ್.

ಚಪ್ಪಲಿ ಅಂಗಡಿಯ ಧನರಾಜ್ ಚಪ್ಪಲಿಗೆ ಹಚ್ಚುವ ಅಂಟು ಬಳಿದ. ನಳದ ಕೆಲಸದ ಅನಿಲ ಪೈಪಿನ ಸೊಲ್ಯೂಷನ್ ಸುರಿದ. ನನ್ನ ಗಂಡ ಶರಣು ಮೊಬೈಲಿನಲ್ಲಿ ವಿಡಿಯೊ ನೋಡಿ, ಕ್ಷಣದಲ್ಲಿ ಹಿಡಿಯುವ ಗಮ್ಮು ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿದ. ಅವನ ಎರಡು ಬೆರಳು ಅಂಟಿಕೊಂಡವು, ಬಂಪರ್ ಅಂಟಲಿಲ್ಲ. ಒಣಗಲಿ ಎಂದು ಮೂವರು ಪಂಡಿತರೂ ಚಹಾಕ್ಕೆ ಕುಳಿತರು. ಚಹಾ ಮಾಡಬೇಕಾದವಳು ಮಾತ್ರ ನಾನು.

ಬಗ್ಗಿ ಬಂಪರಿನ ಹಿಂಬದಿ ನೋಡಿದೆ. ‘ಪಿಪಿ’ ಎಂದು ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿತ್ತು. ನಮ್ಮ ಸ್ನಾನದ ಬಕೆಟ್ಟಿನ ತಳದಲ್ಲೂ ಅದೇ ಅಕ್ಷರಗಳು. ಆ ಬಕೆಟ್ಟು ಸೀಳಿದಾಗಲೂ ಯಾವ ಗಮ್ಮೂ ಹಿಡಿದಿರಲಿಲ್ಲ. ಓಣಿ ಓಣಿ ಕೂಗುತ್ತ ಬರುವ ಹಾಲವ್ವ ಕಾದ ಸಲಾಕೆಯಿಂದ ಕರಗಿಸಿ ಬೆಸೆದುಕೊಟ್ಟಿದ್ದಳು. ಅವಳನ್ನೇ ಕರೆಯುತ್ತೇನೆಂದೆ.

“ಬಕೆಟ್ ಹಚ್ಚಾಕಿ ಕೈಲೆ ಗಾಡಿ ರಿಪೇರಿ ಮಾಡಸ್ತೀ? ನಾಕ ಮಂದ್ಯಾಗ ನನ್ನ ಮರ್ಯಾದಿ ಏನಾಗಬೇಕು?” ಎಂದ ಶರಣು, ಅಂಟಿದ ಬೆರಳು ಬೆನ್ನ ಹಿಂದೆ ಇಟ್ಟುಕೊಂಡು.

ಅವನ ಮರ್ಯಾದೆಯಿಂದ ಪೆಟ್ರೋಲ್ ಬರುವುದಿಲ್ಲ. ಹಾಲವ್ವನನ್ನು ಕರೆತಂದೆ. ಅವಳು ಮೊದಲು ಮೂವರ ಪಾಂಡಿತ್ಯವನ್ನೂ ಚಾಕುವಿನಿಂದ ಕೆರೆದು ತೆಗೆದಳು. ಹಳೆಯ ಬಕೆಟ್ಟಿನಿಂದ ಒಂದು ಪಟ್ಟಿ ಕತ್ತರಿಸಿ, ಸೀಳಿನ ಎರಡೂ ಬದಿಗೆ ಕರಗಿಸಿ ಕೂಡಿಸಿದಳು. ದಾರಿಯಲ್ಲಿ ಬೆಸುಗೆ ಬಿಟ್ಟರೆ ಮತ್ತೆ ಬೆಸೆದುಕೊಡುತ್ತೇನೆಂದು ಸಾಮಾನಿನ ಚೀಲದೊಂದಿಗೆ ಹಿಂದಿನ ಸೀಟಿನಲ್ಲಿ ಕುಳಿತು ನನ್ನ ಜೊತೆಗೇ ಬಂದಳು.

ಸಾಂತಾಕ್ರೂಜ್‌ನಲ್ಲಿ ತಪಾಸಣೆಯವನು ಬಂಪರನ್ನು ಎರಡೂ ಕೈಯಿಂದ ಜಗ್ಗಿದ. ಅಲುಗಲಿಲ್ಲ. ಪಾಸ್ ಎಂದು ಬರೆದ. ಕೆಲಸ ಅವನಿಗೂ ಮೆಚ್ಚುಗೆಯಾಗಿರಬೇಕು, ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು ಎಂದು ಹಿಂದಿಯಲ್ಲಿ ಕೇಳಿದ. ಹಾಲವ್ವ ನನ್ನ ಪಕ್ಕದಲ್ಲೇ ನಿಂತು ಮಸಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅವನು ಅವಳತ್ತ ಒಮ್ಮೆ ನೋಡಿದ.

“ಘಾಟ್ಕೋಪರ್ ಕಾ ಬಡಾ ಗ್ಯಾರೇಜ್ ಹೈ, ಸಾಬ್,” ಎಂದುಬಿಟ್ಟೆ.

ಇಪ್ಪತ್ತು ವರ್ಷ ಈ ಊರಿನಲ್ಲಿ ಹಿಂದಿಯಲ್ಲೇ ಕೂಗಿ ಹೊಟ್ಟೆ ಹೊರೆದವಳು ಹಾಲವ್ವ. ಸೆರಗು ಕೊಡವಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು.

ನಾನು ಗಾಡಿ ಚಾಲೂ ಮಾಡದೆ ಕುಳಿತಿದ್ದೆ. ಕನ್ನಡಿಯಲ್ಲಿ ಅವಳ ಮುಖ ನೋಡಲು ನಾಚಿಕೆಯಾಯಿತು.

“ಪಾಸ್ ಆತಲ್ಲ ಶಿವಕುಮಾರಿ, ನಡಿ,” ಎಂದಳು ಹಾಲವ್ವ. “ನನ್ನ ಓಣಿ ಬರೂಕಿಂತ ಮೊದಲ ಇಳಸು. ದೊಡ್ಡ ಗ್ಯಾರೇಜಿನ ಗಾಡ್ಯಾಗ ನನ್ನ ನೋಡಿ ಮಂದಿ ನಕ್ಕಾರು.”